ಹೆರಿಗೆ ಚೀಟಿಯ ಹೆಬ್ಬೆಟ್ಟು

ನಮ್ಮಕ್ಕನನ್ನು ಹೆರಿಗೆ ವಾರ್ಡಿಗೆ ಸೇರಿಸುವಾಗ ಬರೆಸಿದ್ದು ಅವಳ ಹೆಸರಲ್ಲ, ಅವಳ ಓರಗಿತ್ತಿಯ ಹೆಸರು. ತೋರಿಸಿದ ಕಾರ್ಡೂ ಓರಗಿತ್ತಿಯದೇ. ಅದರ ಫೋಟೊ ಎಷ್ಟು ಮಾಸಿತ್ತೆಂದರೆ ಅದು ನಾನೆಂದರೂ ನಡೆಯುತ್ತಿತ್ತು. ನೋವು ತಡೆಯಲಾಗದೆ ಗೋಡೆ ಹಿಡಿದು ನಿಂತಿದ್ದ ಅಕ್ಕ, ಭಾವ ಕೌಂಟರಿನಲ್ಲಿ ಆ ಹೆಸರು ಹೇಳಿದ್ದು ಕಿವಿಗೆ ಬೀಳುತ್ತಲೇ ತಿರುಗಿದಳು.

"ಅದು ನನ್ನ ಹೆಸರಲ್ಲ."

ಭಾವ ಅವಳ ಜಡೆಯನ್ನು ಬೆನ್ನ ಹಿಂದಿನಿಂದ, ಕೌಂಟರಿನವಳಿಗೆ ಕಾಣದಂತೆ, ಮುಷ್ಟಿಗೆ ಎರಡು ಸುತ್ತು ಸುತ್ತಿಕೊಂಡು ಕೆಳಕ್ಕೆ ಜಗ್ಗಿದ. ಅಕ್ಕನ ಗಲ್ಲ ಮೇಲೆದ್ದಿತು. ಬಾಯಿ ತೆರೆದೇ ಇತ್ತು.

"ನೋವಲ್ಲಿ ಏನೇನೋ ಅಂತಾರೆ ಮೇಡಂ, ನೀವು ಬರ್ಕೊಳ್ಳಿ" ಎಂದು ಭಾವ ನಕ್ಕ.

ನಾನು ಅವನ ಮುಷ್ಟಿಯನ್ನು ನೋಡಿದೆ. ಬೆರಳ ಸಂದಿಯಲ್ಲಿ ಅಕ್ಕನ ಕೂದಲು ಕಿತ್ತು ಬಂದಿದ್ದೂ ಕಂಡಿತು. ಸುಮ್ಮನಿದ್ದೆ. ಆ ಮನೆಯಲ್ಲಿ ಭಾವ ನನಗೆ ಇಟ್ಟ ಹೆಸರು ಮೂಗಿ.

ಭಾವನೂ ಅವನ ಅಣ್ಣನೂ ಕಬ್ಬಿಣದ ಗೇಟು, ಬಾಗಿಲು, ಕಿಟಕಿಯ ಸರಳು ಮಾಡುತ್ತಿದ್ದರು. ಕೆಳಗೆ ವೆಲ್ಡಿಂಗ್ ಶಾಪು, ಮೇಲೆ ಮನೆ. ಶಾಪು ಅಣ್ಣನದು. ಅವನನ್ನು ಎಲ್ಲರೂ ದೊಡ್ಡಣ್ಣ ಎನ್ನುತ್ತಿದ್ದರು, ಅವನಿಗಿಂತ ದೊಡ್ಡವರೂ. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಅವನಿಗೆ ಮಕ್ಕಳಿರಲಿಲ್ಲ. ಅಕ್ಕನಿಗೆ ಐದು ತಿಂಗಳು ತುಂಬಿದಾಗ ಅಣ್ಣತಮ್ಮ ಇಬ್ಬರೂ ಕೂತು ತೀರ್ಮಾನ ಮಾಡಿಕೊಂಡಿದ್ದರು: ಹುಟ್ಟುವ ಮಗು ದೊಡ್ಡಣ್ಣನದು ಎಂದು ಕಾಗದವಾಗುತ್ತದೆ, ದೊಡ್ಡಣ್ಣ ಹೆಂಡತಿ ಮಗುವನ್ನು ಕರೆದುಕೊಂಡು ದೂರದ ಬೇರೆ ಊರಿಗೆ ಹೋಗುತ್ತಾನೆ, ಶಾಪು ಭಾವನದಾಗುತ್ತದೆ. ಅಂದಿನಿಂದ ಓರಗಿತ್ತಿ ಮನೆಯಿಂದ ಹೊರಗೆ ಬಂದಿರಲಿಲ್ಲ. ಆಸ್ಪತ್ರೆಯ ತಪಾಸಣೆಗೆಲ್ಲ ಅಕ್ಕ ಅವಳ ಕಾರ್ಡಿನಲ್ಲೇ ಹೋಗಿದ್ದಳು. ಸಾಮಾನು ಸಾಗಿಸುವ ಲಾರಿಗೂ ದಿನ ಗೊತ್ತಾಗಿತ್ತು. ಅಕ್ಕ ಬೇಡವೆಂದ ದಿನ ಭಾವ ಹೇಳಿದ್ದು ಇಷ್ಟೇ: "ಇನ್ನೊಂದು ಹೆತ್ಕೊಂಡ್ರಾಯ್ತು. ಅದಕ್ಯಾಕೆ ಹೀಗಾಡ್ತೀಯಾ?"

ನಮಗಿಬ್ಬರಿಗೆ ಬೇರೆ ಯಾರೂ ಇರಲಿಲ್ಲ. ಮದುವೆಗೆ ಮುಂಚೆ ನಾವಿಬ್ಬರೂ ರಟ್ಟಿನ ಡಬ್ಬಿ ಕಾರ್ಖಾನೆಯಲ್ಲಿದ್ದೆವು. ನಾನು ಆರನೆಯ ತರಗತಿ ಬಿಟ್ಟು ಅಲ್ಲಿಗೆ ಸೇರಿದವಳು. ರಟ್ಟು ಕತ್ತರಿಸುವ ಬ್ಲೇಡು ಒಮ್ಮೆ ಅಕ್ಕನ ಬಲಗೈ ಹೆಬ್ಬೆರಳಿನ ಮೇಲೆ ಅಡ್ಡಕ್ಕೆ ಹಾದುಹೋಗಿತ್ತು. ಗಾಯ ಮಾಯ್ದರೂ ಗುರುತು ಉಳಿಯಿತು, ಗೆರೆಗಳನ್ನು ಅಡ್ಡಡ್ಡ ಹೊಡೆದುಹಾಕಿದ ಹಾಗೆ.

ಹೆರಿಗೆಯಾದ ಗಂಟೆಯೊಳಗೆ ನರ್ಸಮ್ಮ ಒಂದು ದಪ್ಪ ಕಾಗದ ತಂದಳು. ಮೇಲೆ ಮಗುವಿನ ಎರಡು ಪಾದದ ಗುರುತು ಒತ್ತಿದಳು. ಕೂಸು ಕಾಲು ಎಳೆದುಕೊಂಡಿದ್ದರಿಂದ ಎಡಪಾದ ಸ್ವಲ್ಪ ಕಲಸಿಹೋಯಿತು. ಕೆಳಗೆ ತಾಯಿಯ ಹೆಬ್ಬೆಟ್ಟು. ಅಕ್ಕ ಎಡಗೈ ಚಾಚಿದಳು.

"ಅದಲ್ಲ ತಾಯಿ, ಬಲದ್ದು. ಗಂಡಸರಿಗೆ ಎಡ, ಹೆಂಗಸರಿಗೆ ಬಲ. ಇದೇ ಕಾಗದ ಜನನ ನೋಂದಣಿ ಆಫೀಸಿಗೆ ಹೋಗೋದು, ಸರಿಯಾಗಿ ಒತ್ತು."

ಅಕ್ಕ ಒತ್ತಿದಳು. ನೇರಳೆ ಮಸಿಯಲ್ಲಿ ಅಡ್ಡಗೆರೆ ಬೆಳ್ಳಗೆ ಎದ್ದು ಬಂತು.

ಅಂದು ಸಂಜೆ ನಾನು ಬಾಯಿ ಬಿಟ್ಟೆ. ಬಿಡಬಾರದಿತ್ತೇನೋ. ನರ್ಸಮ್ಮ ಹಾಸಿಗೆಯ ಬಟ್ಟೆ ಬದಲಿಸುತ್ತಿದ್ದಾಗ ಹತ್ತಿರ ಹೋಗಿ, ಕಾರ್ಡಿನ ಹೆಸರು ಬೇರೆಯವರದು, ಮಗುವನ್ನು ಅವರ ಹೆಸರಿಗೆ ಮಾಡಿಕೊಳ್ಳುತ್ತಾರೆ ಎಂದು ಉಸಿರು ಕಟ್ಟಿ ಹೇಳಿಬಿಟ್ಟೆ. ಅವಳು ಹಾಸಿಗೆ ಬಟ್ಟೆಯನ್ನು ಎದೆಗೆ ಒತ್ತಿಕೊಂಡು ನನ್ನನ್ನೇ ನೋಡಿದಳು.

"ಅಯ್ಯೋ ನಮ್ಮಮ್ಮಾ! ಮೊದಲೇ ಹೇಳೋಕೇನಾಗಿತ್ತು? ನಾನಿಲ್ಲಿ ಹೆಸರು ತಿದ್ದೋ ಹಾಗಿಲ್ಲ. ಅವರು ಸರ್ಟಿಫಿಕೇಟ್ ಮಾಡಿಸೋಕೆ ಮುಂಚೆ ನೋಂದಣಿ ಆಫೀಸಿಗೆ ಹೋಗಿ ತಕರಾರು ಹೇಳಿ. ಅಲ್ಲಿ ಹೆಬ್ಬೆಟ್ಟು ತಾಳೆ ನೋಡ್ತಾರೆ. ಹೆಸರಲ್ಲಿ ಸುಳ್ಳು ಹೇಳಬಹುದು, ಬೆರಳಲ್ಲಿ ಆಗಲ್ಲ."

ನಾನು ತಿರುಗಿದಾಗ ಭಾವ ವಾರ್ಡಿನ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಫ್ಲಾಸ್ಕು. ಅಕ್ಕನಿಗೆ ಕಾಫಿ ಬಗ್ಗಿಸಿಕೊಟ್ಟ. ನನಗೂ ಕೊಟ್ಟ.

ಮನೆಗೆ ಬಂದ ಮಾರನೆಯ ದಿನ, ಮಧ್ಯಾಹ್ನ ಊಟವಾದ ಮೇಲೆ, ಇಬ್ಬರೂ ಅಕ್ಕ ಮಲಗಿದ್ದ ಕೋಣೆಗೆ ಬಂದರು. ಮಗು ಆಚೆಯ ಕೋಣೆಯಲ್ಲಿ ಓರಗಿತ್ತಿಯ ತೊಡೆಯ ಮೇಲಿತ್ತು. ಹಾಲು ಕುಡಿಸುವುದಕ್ಕೆ ಮಾತ್ರ ಅದನ್ನು ಅಕ್ಕನಿಗೆ ಕೊಡುತ್ತಿದ್ದರು. ಕುಡಿಸಿ ಮುಗಿಯುವವರೆಗೂ ಓರಗಿತ್ತಿ ಎದುರಿಗೇ ನಿಂತಿರುತ್ತಿದ್ದಳು, ಬಸ್ಸಿಗೆ ಕಾಯುವವಳ ಹಾಗೆ.

ದೊಡ್ಡಣ್ಣ ಬಾಗಿಲನ್ನು ಒಮ್ಮೆ ತೆರೆದು ಮುಚ್ಚಿ ನೋಡಿದ. ಅವರೇ ಮಾಡಿದ ಕಬ್ಬಿಣದ ಬಾಗಿಲು. ಒಬ್ಬರ ಕೈಯಲ್ಲಿ ಎತ್ತಲಾಗದಷ್ಟು ಭಾರ.

"ಯಾವ ಕೈ ಕೊಟ್ಟಿದ್ದು ನೀನು ಆಸ್ಪತ್ರೇಲಿ?" ಎಂದು ಅಕ್ಕನನ್ನು ಕೇಳಿದ. ಲೆಕ್ಕದ ಮೇಷ್ಟ್ರು ಪ್ರಶ್ನೆ ಕೇಳುವ ಹಾಗಿತ್ತು ಧ್ವನಿ.

ಅಕ್ಕ ಎದ್ದು ಕೂತಳು. ಅವನನ್ನು ನೋಡಿದಳು, ಬಾಗಿಲನ್ನು ನೋಡಿದಳು. ಅರ್ಥವಾಯಿತು.

"ಇದನ್ನೇನು ಕೇಳೋದಣ್ಣ, ಎಡಗೈ ತಾನೇ?" ಎಂದ ಭಾವ. "ಶಾಪಿನ ಕಾಗದಕ್ಕೆ ನಾನು ಎಡದ್ದು ಹಾಕ್ಲಿಲ್ವಾ? ನಮ್ಮ ಹುಡುಗ್ರೆಲ್ಲ ಎಡದ್ದೇ ಹಾಕೋದು."

ನಾನು ಮೂಲೆಯಲ್ಲಿ ಮಗುವಿನ ಬಟ್ಟೆ ಮಡಿಸುತ್ತಿದ್ದೆ. ಕೈ ನಿಂತಿತು. ಇಬ್ಬರೂ ಹೆಂಡತಿಯರ ಜೊತೆ ವರ್ಷಗಟ್ಟಲೆ ಬಾಳಿದವರು. ಹೆಂಗಸರು ಯಾವ ಬೆರಳು ಒತ್ತುತ್ತಾರೆಂದು ಒಂದು ದಿನವೂ ನೋಡಿರಲಿಲ್ಲ. ತನ್ನ ಹೆಂಡತಿಯ ಯಾವ ಬೆರಳಿನ ಮೇಲೆ ಗಾಯವಿದೆ ಎಂಬುದೂ ಭಾವನಿಗೆ ಗೊತ್ತಿರಲಿಲ್ಲ.

ಅಕ್ಕ ನನ್ನ ಕಡೆ ಒಂದು ಸಲ ನೋಡಿದಳು. ಅರೆಗಳಿಗೆ, ಅಷ್ಟೇ. ಆಮೇಲೆ ಎಡಗೈಯನ್ನು ಬಲಗಂಕುಳಲ್ಲಿ ಬಚ್ಚಿಟ್ಟುಕೊಂಡು ಗೋಡೆಯವರೆಗೆ ಹಿಂದಕ್ಕೆ ಸರಿದಳು.

"ಬೇಡ. ಈ ಕೈ ಬೇಡ. ನಿಮ್ಮ ಕಾಲಿಗೆ ಬೀಳ್ತೀನಿ, ಈ ಕೈ ಬಿಟ್ಟುಬಿಡಿ."

"ಕಂಡ್ಯಾ?" ಎಂದ ದೊಡ್ಡಣ್ಣ ತಮ್ಮನಿಗೆ. "ಇದೇ."

ಭಾವ ಅವಳ ಹೊಟ್ಟೆಯ ಮೇಲೆ ಮಂಡಿಯೂರಿದ. ಹೆರಿಗೆಯಾಗಿ ಐದು ದಿನವಾದ ಹೊಟ್ಟೆ. ಕೈಯನ್ನು ಕಂಕುಳಿಂದ ಎಳೆದು ತೆಗೆದು, ಅವಳನ್ನು ನೆಲದ ಮೇಲೆ ದರದರ ಎಳೆದುಕೊಂಡು ಬಾಗಿಲವರೆಗೆ ತಂದ. ಹಾಸಿಗೆಯಿಂದ ಹೊಸ್ತಿಲವರೆಗೆ ನೆಲದ ಮೇಲೆ ರಕ್ತದ ಗೆರೆ ಬಿತ್ತು. ಹೆರಿಗೆಯ ರಕ್ತ. ದೊಡ್ಡಣ್ಣ ನಾಲ್ಕು ಬೆರಳನ್ನು ಮಡಿಸಿ ಹೆಬ್ಬೆರಳೊಂದನ್ನೇ ಬಾಗಿಲಿನ ಚೌಕಟ್ಟಿಗೆ ಇಟ್ಟ, ಅಳತೆಗೆ ಸರಳು ಇಡುವಷ್ಟು ಜಾಗ್ರತೆಯಾಗಿ. ಭುಜ ಕೊಟ್ಟು ಬಾಗಿಲು ಹಾಕಿದ.

ಮೊದಲ ಸಲ ಉಗುರು ಹೋಯಿತು. ಅಕ್ಕನ ಕೂಗಿಗೆ ಆಚೆ ಕೋಣೆಯ ಮಗು ಎದ್ದು ಅತ್ತಿತು.

"ಗೆರೆ ಹಾಗೇ ಇದೆ ಅಣ್ಣ."

"ಸರಿ ಹಿಡ್ಕೊಳೋ."

ಎರಡನೆಯ ಸಲ ಸದ್ದು ಬೇರೆಯೇ ಇತ್ತು. ಮೂರನೆಯ ಸಲಕ್ಕೆ ಅಕ್ಕ ಕೂಗಲಿಲ್ಲ. ಬಾಗಿಲು ತೆರೆದಾಗ ಹೆಬ್ಬೆರಳಿದ್ದ ಜಾಗದಲ್ಲಿ ಇದ್ದದ್ದು ಬೆರಳಲ್ಲ.

ನಾನು ಮಗುವಿನ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡು ಕೂತಿದ್ದೆ. ಒಂದು ಮಾತು ಸಾಕಿತ್ತು, 'ಅದಲ್ಲ' ಎಂಬ ಒಂದು ಮಾತು, ಆ ಕೈ ಉಳಿಯುತ್ತಿತ್ತು. ಅದಕ್ಕೇ ಹಲ್ಲು ಬಿಗಿಹಿಡಿದೆ. ಬಟ್ಟೆ ಹರಿದದ್ದು ಆಮೇಲೆ ಗೊತ್ತಾಯಿತು.

ಭಾವ ಹೊರಗೆ ಹೋಗುವಾಗ ನನ್ನ ತಲೆಗೆ ಮೊಟಕಿ, "ಏನೇ ಮೂಗಿ, ನರ್ಸಮ್ಮನ ಹತ್ರ ಇದನ್ನೂ ಹೇಳ್ತೀಯಾ?" ಎಂದ.

ಅವತ್ತು ರಾತ್ರಿಯಿಂದ ಅಕ್ಕನಿಗೆ ಜ್ವರ. ಕೈಗೆ ಹಳೆಯ ಬಟ್ಟೆ ಸುತ್ತಿದೆ, ನೆಂದ ಹಾಗೆಲ್ಲ ಬಿಚ್ಚಿ ಸುತ್ತಿದೆ. ನೋವಿನ ಮಾತ್ರೆ ತಂದು ಕೊಟ್ಟವಳು ಓರಗಿತ್ತಿ. ಕೊಟ್ಟು, ಕೈಯ ಕಡೆ ನೋಡದೆ ಹೋದಳು. ಮೂರು ದಿನ ಅಕ್ಕ ಬಲಗೈಯನ್ನು ಹೊದಿಕೆಯೊಳಗಿಂದ ಹೊರಗೆ ತೆಗೆಯಲಿಲ್ಲ. ಊಟವನ್ನು ನಾನೇ ತಿನ್ನಿಸಿದೆ.

ನಾಲ್ಕನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ದೊಡ್ಡಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟ. ಓರಗಿತ್ತಿ ಮಗುವನ್ನು ಹೊಸ ಬಟ್ಟೆಯಲ್ಲಿ ಸುತ್ತಿಕೊಂಡಳು. ಹೆಣ್ಣೆಂದು ಗೊತ್ತಾದಾಗ ಇವರು ಬೇಡವೆನ್ನಬಹುದೆಂದು ನಾನು ಆಸೆಪಟ್ಟಿದ್ದೆ. ಆದರೆ ದೊಡ್ಡಣ್ಣ, "ಹೆಣ್ಣಾದ್ರೇನು, ನನ್ನ ಮಗಳು" ಎಂದುಬಿಟ್ಟಿದ್ದ. ನಿಜಕ್ಕೂ ಅವನ ಮುಖದಲ್ಲಿ ಖುಷಿಯಿತ್ತು. ಅದೇ ನನಗೆ ಹೆಚ್ಚು ಹೆದರಿಕೆ ತಂದದ್ದು. ಹೋಗುವಾಗ ತಮ್ಮನಿಗೆ ಹೇಳಿದ: "ನೋಂದಣಿ ಆಫೀಸಿಂದ ನಾವು ವಾಪಸ್ ಬರೋವರೆಗೂ ಮೆಟ್ಟಿಲು ಬಿಟ್ಟು ಏಳಬೇಡ."

ಭಾವ ಮೆಟ್ಟಿಲಿನ ಮೇಲಿನ ತುದಿಯಲ್ಲಿ ನಮಗೆ ಬೆನ್ನು ಹಾಕಿ ಕೂತ. ಬರಿಗಾಲು. ಲುಂಗಿಯನ್ನು ಮಂಡಿಯವರೆಗೆ ಎತ್ತಿಕೊಂಡು ಕಾಲಿನ ಉಗುರು ಕತ್ತರಿಸುತ್ತಿದ್ದ. ಅಡುಗೆಮನೆಯಲ್ಲಿ ಅಕ್ಕನ ಸ್ನಾನಕ್ಕೆಂದು ದೊಡ್ಡ ಪಾತ್ರೆಯಲ್ಲಿ ನೀರು ಇಟ್ಟಿದ್ದೆ. ಅದು ಮರಳುವವರೆಗೆ ಕಾದೆ. ಅಕ್ಕನಿಗೆ ಚಪ್ಪಲಿ ತೊಡಿಸಿ ಕೋಣೆಯ ಬಾಗಿಲಲ್ಲಿ ನಿಲ್ಲಿಸಿದೆ. ಎರಡು ಬಟ್ಟೆ ಹಿಡಿದು ಪಾತ್ರೆ ಎತ್ತಿಕೊಂಡು ಬಂದೆ.

"ದಾರಿ ಬಿಡಿ ಭಾವ" ಎಂದೆ.

"ಓಹೋ! ಮೂಗಿ ಮಾತಾಡ್ತಲ್ಲಪ್ಪಾ!" ಎಂದು ಅವನು ತಿರುಗಿದ.

ನಾನು ಪಾತ್ರೆಯನ್ನು ಬಗ್ಗಿಸಿದೆ. ತೊಡೆ, ಮಂಡಿ, ಪಾದ. ಒಂದು ತೊಟ್ಟೂ ಉಳಿಸಲಿಲ್ಲ. ಅವನು ಎದ್ದ, ಜಾರಿದ, ಬೆನ್ನಿನ ಮೇಲೆ ಆರೇಳು ಮೆಟ್ಟಿಲು ಇಳಿದು ತಿರುವಿನಲ್ಲಿ ಸಿಕ್ಕಿಕೊಂಡ. ಕಾಲಿನ ಚರ್ಮ ಕಣ್ಣೆದುರೇ ಸುಕ್ಕುಗಟ್ಟಿ ಬೆಳ್ಳಗಾಯಿತು. ಅವನ ಕೂಗು ಕೆಳಗಿನ ಶಾಪಿನವರಿಗೆ ಕೇಳಲಿಲ್ಲ. ಅಲ್ಲಿ ಗ್ರೈಂಡರು ಕಿಡಿ ಹಾರಿಸುತ್ತ ಅವನಿಗಿಂತ ಜೋರಾಗಿ ಕೂಗುತ್ತಿತ್ತು. ಅವನನ್ನು ದಾಟುವಾಗ ಅಕ್ಕನ ಕಾಲು ಹಿಡಿಯಲು ಕೈ ಚಾಚಿದ. ಖಾಲಿ ಪಾತ್ರೆ ಇನ್ನೂ ನನ್ನ ಕೈಯಲ್ಲೇ ಇತ್ತು. ಅದರಿಂದ ಅವನ ಮೊಣಕೈಗೆ ಹೊಡೆದೆ. ಇನ್ನೊಂದು ಸಲ ಹೊಡೆಯಬೇಕಾಗಿರಲಿಲ್ಲ. ಹೊಡೆದೆ.

ಆಟೊದಲ್ಲಿ ಅಕ್ಕ ಒಂದೇ ಮಾತು ಆಡಿದಳು. "ಪಾತ್ರೆ ಯಾಕೆ ತಂದ್ಯೇ?"

ಆಫೀಸಿನಲ್ಲಿ ಹುಟ್ಟಿಗೂ ಸಾವಿಗೂ ಒಂದೇ ಕಿಟಕಿ, ಒಂದೇ ಸಾಲು. ಗುಮಾಸ್ತ ಕನ್ನಡಕವನ್ನು ದಾರದಲ್ಲಿ ಕೊರಳಿಗೆ ಹಾಕಿಕೊಂಡು, ಬಂದವರನ್ನೆಲ್ಲ ಒಂದೇ ರಾಗದಲ್ಲಿ "ಹುಟ್ಟಾ, ಸಾವಾ?" ಎಂದು ಕೇಳುತ್ತಿದ್ದ. ಮುಗಿದ ಚೀಟಿಗಳನ್ನು ಪಕ್ಕದ ಕಬ್ಬಿಣದ ಮೊಳೆಗೆ ಚುಚ್ಚುತ್ತಿದ್ದ. ಮರದ ಹಲಗೆಯ ಮೇಲೆ ನೆಟ್ಟಗೆ ನಿಂತ ಗೇಣುದ್ದದ ಮೊಳೆ. ದೊಡ್ಡಣ್ಣ ಕಿಟಕಿಯ ಮುಂದೆ ಬಂದಾಗಿತ್ತು. ಪಕ್ಕದಲ್ಲಿ ಓರಗಿತ್ತಿ. ಮಗು ಅಳುತ್ತಿತ್ತು. ಆ ಅಳು ಕೇಳುತ್ತಲೇ ಅಕ್ಕನ ರವಿಕೆ ಎದೆಯ ಎರಡೂ ಕಡೆ ಹಾಲಿಗೆ ನೆನೆಯಿತು.

"ಅದು ನನ್ನ ಮಗು" ಎಂದಳು ಅಕ್ಕ. ಸಾಲಿನವರೆಲ್ಲ ತಿರುಗಿದರು. "ಸಾರ್, ಬರೀಬೇಡಿ. ಹೆತ್ತಿದ್ದು ನಾನು."

ದೊಡ್ಡಣ್ಣನ ಮುಖದಲ್ಲಿ ಒಂದು ಕ್ಷಣ ರಕ್ತವಿರಲಿಲ್ಲ. ಆಮೇಲೆ ಅಕ್ಕನ ಎಡಗೈಯ ಕಟ್ಟು ನೋಡಿದ. ಸಮಾಧಾನವಾಯಿತು.

"ನನ್ನ ತಮ್ಮನ ಹೆಂಡ್ತಿ ಸಾರ್. ಪಾಪ, ತಲೆ ಸರಿಯಿಲ್ಲ. ಇವಳ ಮಗು ಹೋಯ್ತು, ಆವಾಗಿಂದ ಹೀಗೇ."

"ತಕರಾರು ಇದ್ರೆ ಹೆಬ್ಬೆಟ್ಟು ನೋಡ್ತೀವಿ" ಎಂದ ಗುಮಾಸ್ತ, ಆಸ್ಪತ್ರೆಯ ದಪ್ಪ ಕಾಗದವನ್ನು ಕಟ್ಟಿನಿಂದ ಎಳೆಯುತ್ತ. "ಇಬ್ರೂ ಒತ್ತಿ. ಎರಡು ನಿಮಿಷದ ಕೆಲಸ."

ದೊಡ್ಡಣ್ಣ ನಕ್ಕುಬಿಟ್ಟ. "ನೋಡಿ ಸಾರ್ ಆ ಕೈನ. ಬೆರಳೇ ಇಲ್ದೋಳು ಹೆಬ್ಬೆಟ್ಟು ಒತ್ತೋಕೆ ಬಂದಿದ್ದಾಳೆ! ತಾಳೆ ನೋಡೋಕೇನಿದೆ, ತಕರಾರು ಬಿಟ್ಟಾಕಿ!" ಸಾಲಿನಲ್ಲಿ ಒಬ್ಬಿಬ್ಬರು ನಕ್ಕರು.

ಗುಮಾಸ್ತ ಕನ್ನಡಕ ಏರಿಸಿದ. "ಎಡದ್ದು ನನಗ್ಯಾಕ್ರೀ? ಎಡ ಗಂಡಸರದ್ದು. ಹೆಂಗಸರದ್ದು ಬಲ. ಬಲಗೈ ಕೊಡಮ್ಮ."

ಅಕ್ಕ ಮೂರು ದಿನದಿಂದ ಬಚ್ಚಿಟ್ಟಿದ್ದ ಕೈಯನ್ನು ಹೊರಗೆ ತೆಗೆದಳು.

ದೊಡ್ಡಣ್ಣನಿಗೆ ತಿಳಿಯಲು ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು. ಅಕ್ಕನ ಕೈ ಮಸಿಯ ಪೆಟ್ಟಿಗೆಗೆ ತಾಗುವ ಮುಂಚೆಯೇ ಮಣಿಕಟ್ಟು ಹಿಡಿದು ತಿರುಚಿದ. ಅವಳು ಮಂಡಿ ಕುಸಿದಳು. ಇನ್ನೊಂದು ಕೈಯಲ್ಲಿ ಅವಳ ಕತ್ತು ಹಿಡಿದು ಕಿಟಕಿಯ ಕಟ್ಟೆಗೆ ಹಣೆ ಜಜ್ಜಿದ. ಒಂದು ಸಲ, ಎರಡು ಸಲ. ಗುಮಾಸ್ತ ಮೊದಲು ಮಾಡಿದ ಕೆಲಸವೆಂದರೆ ರಕ್ತ ತಾಗದಂತೆ ರಿಜಿಸ್ಟರನ್ನು ತಲೆಯ ಮೇಲಕ್ಕೆ ಎತ್ತಿಕೊಂಡದ್ದು. ದೊಡ್ಡಣ್ಣ ಅಕ್ಕನ ಬೆರಳನ್ನು ಬಾಯಿಗೆ ತೆಗೆದುಕೊಂಡ. ಕಚ್ಚಿ ತೆಗೆಯುವವನಿದ್ದ. ಅವನ ದವಡೆ ಬಿಗಿಯುವುದನ್ನು ನಾನು ನೋಡಿದೆ.

ಅವನ ಎಡಗೈಯ ಬೆರಳುಗಳು ಅಕ್ಕನ ಕತ್ತನ್ನು ಅದುಮಿದ್ದವು, ಅಂಗೈ ಕಟ್ಟೆಯ ಮೇಲೆ ಊರಿತ್ತು. ನಾನು ಮೊಳೆಯ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ತಲೆಕೆಳಗು ಮಾಡಿ, ಆ ಕೈಯ ಬೆನ್ನಿನ ಮೇಲೆ, ಅಕ್ಕನ ಕತ್ತಿನಿಂದ ಎರಡು ಬೆರಳು ಆಚೆಗೆ, ಇಳಿಸಿದೆ. ರಟ್ಟಿಗೆ ತೂತು ಹಾಕುವಾಗ ಮೈಭಾರವನ್ನೆಲ್ಲ ತೋಳಿಗೆ ಬಿಡಬೇಕೆಂದು ಕಾರ್ಖಾನೆಯಲ್ಲಿ ಕಲಿತಿದ್ದೆ. ಮೊಳೆ ಕೈಯನ್ನು ದಾಟಿ ಕಟ್ಟೆಯ ಮರಕ್ಕೆ ಕಚ್ಚಿತು. ಹುಟ್ಟಿದವರ, ಸತ್ತವರ ಚೀಟಿಗಳೆಲ್ಲ ಅವನ ಕೈಯ ಮೇಲೆ ಒತ್ತಾಗಿ ಕೂತವು.

ಅವನ ಬಾಯಿ ತೆರೆಯಿತು. ಅಕ್ಕನ ಬೆರಳು ಹೊರಗೆ ಬಂತು, ಹಲ್ಲಿನ ಗುರುತು ಗೆಣ್ಣಿನ ಕೆಳಗೆ, ಗೆರೆಗಳು ಹಾಗೇ.

ವಾಚ್‌ಮನ್ ಓಡಿಬಂದು ನನ್ನ ಎರಡು ರಟ್ಟೆಗಳನ್ನೂ ಹಿಂದಕ್ಕೆ ಹಿಡಿದ. ಯಾರೋ ಪೊಲೀಸರಿಗೆ ಫೋನು ಮಾಡಿದರು. ಸಾವು ಬರೆಸಲು ಬಂದಿದ್ದ ಮುದುಕನೊಬ್ಬ ದೊಡ್ಡಣ್ಣನ ಕೈಯಿಂದ ಮೊಳೆ ಕೀಳಲು ಹೋಗಿ, ಅವನ ಅರಚಾಟಕ್ಕೆ ಹೆದರಿ ಬಿಟ್ಟ. "ಇರಲಿ ಬಿಡಪ್ಪ, ಡಾಕ್ಟ್ರೇ ತೆಗೀಲಿ" ಎಂದ.

"ಕೈ ಒರೆಸ್ಕೊಂಡು ಒತ್ತಮ್ಮ. ರಕ್ತ ತಾಗಿದ್ರೆ ಗೆರೆ ಬರಲ್ಲ" ಎಂದ ಗುಮಾಸ್ತ.

ಮೊದಲನೆಯದು ಕಲಸಿಹೋಯಿತು. ಎರಡನೆಯದರಲ್ಲಿ ಬಿಳಿಯ ಅಡ್ಡಗೆರೆ ಎದ್ದು ಬಂತು. ಗುಮಾಸ್ತ ಎರಡು ಕಾಗದಗಳನ್ನೂ ಪಕ್ಕಪಕ್ಕ ಇಟ್ಟ. ಭೂತಗನ್ನಡಿ ತೆಗೆಯುವ ಅಗತ್ಯವೇ ಬೀಳಲಿಲ್ಲ.

"ನಿಮ್ಮದು?" ಎಂದು ಓರಗಿತ್ತಿಯನ್ನು ಕೇಳಿದ.

ಅವಳು ಬಲಗೈಯನ್ನು ಮುಷ್ಟಿ ಮಾಡಿ ಎದೆಗೆ ಒತ್ತಿಕೊಂಡಿದ್ದಳು. ಗಂಡನ ಕಡೆ ನೋಡಿದಳು; ಅವನು ಕಟ್ಟೆಗೆ ಕೈ ಅಂಟಿಸಿಕೊಂಡು, "ಒತ್ತಬೇಡ್ವೇ!" ಎಂದು ಉಗುಳು ಹಾರಿಸುತ್ತ ಅರಚುತ್ತಿದ್ದ. ಅವಳು ಮುಷ್ಟಿ ಬಿಚ್ಚಲಿಲ್ಲ. ಬಗ್ಗಿ, ನೆಲದ ಮೇಲೆ ಕೂತಿದ್ದ ಅಕ್ಕನ ಮಡಿಲಲ್ಲಿ ಮಗುವನ್ನು ಇಟ್ಟಳು.

"ಬೆಳಿಗ್ಗೆಯಿಂದ ಒಂದು ಸಲವೂ ಕುಡಿದಿಲ್ಲ" ಎಂದಳು. ಮಗುವಿನ ಹೊಸ ಬಟ್ಟೆಯ ಅಂಚನ್ನು ಸರಿಮಾಡಿ, ಯಾರನ್ನೂ ನೋಡದೆ ಹೊರಗೆ ನಡೆದುಬಿಟ್ಟಳು.

ಗುಮಾಸ್ತ ಲೇಖನಿ ತೆಗೆದ. "ಆಸ್ಪತ್ರೆ ಚೀಟಿ ತಿದ್ದಿಸೋಕೆ ನಾನು ಪತ್ರ ಬರೀತೀನಿ. ತಾಯಿ ಕಾಲಮ್ಮಲ್ಲಿ ನಿನ್ನ ಹೆಸರೇ ಬರ್ಕೋತೀನಿ, ಹೇಳಮ್ಮ."

ಅಕ್ಕ ಹೇಳಿದಳು. ಅವನು ಬರೆದ. ಮಗುವಿಗೆ ಇನ್ನೂ ಹೆಸರಿಟ್ಟಿಲ್ಲವೆಂದಾಗ, "ಖಾಲಿ ಬಿಡೋಣ, ಆಮೇಲೆ ಸೇರಿಸಬಹುದು" ಎಂದ. ಅಪ್ಪನ ಹೆಸರು ಕೇಳಿದ. ಅಕ್ಕ ಮಗುವನ್ನು ಎದೆಗೆ ಎಳೆದುಕೊಂಡು, "ಅದನ್ನೂ ಖಾಲಿ ಬಿಡಿ ಸಾರ್" ಎಂದಳು.

"ಮಾಹಿತಿ ಕೊಟ್ಟವರು ಯಾರು?"

"ನಾನು" ಎಂದೆ.

"ಕೇಳಿಸ್ತಿಲ್ಲ. ಜೋರಾಗಿ."

"ನಾನು. ಮಗುವಿನ ಚಿಕ್ಕಮ್ಮ."

ವಾಚ್‌ಮನ್ ನನ್ನ ಬಲಗೈ ಒಂದನ್ನು ಬಿಟ್ಟ. ನಾನು ರುಜು ಹಾಕಿದೆ, ಆರನೆಯ ತರಗತಿಯ ದಪ್ಪ ಅಕ್ಷರದಲ್ಲಿ. ಗೆರೆಯ ಆಚೆಗೂ ಹೋಯಿತು. ಹಾಕಿ ಮುಗಿಸುತ್ತಲೇ ಅವನು ಆ ಕೈಯನ್ನೂ ಹಿಡಿದುಕೊಂಡ. ಹೊರಗೆ ಪೊಲೀಸ್ ಜೀಪು ನಿಂತ ಸದ್ದಾಯಿತು.

ಅಕ್ಕ ಅಲ್ಲೇ ಗೋಡೆಗೆ ಒರಗಿ ಮಗುವಿಗೆ ಹಾಲು ಕೊಡುತ್ತಿದ್ದಳು. ಅವಳ ಹಣೆಯ ರಕ್ತ ಹುಬ್ಬಿನವರೆಗೆ ಇಳಿದಿತ್ತು. ಬಲಗೈಯಲ್ಲಿ ತಲೆ ಹಿಡಿದಿದ್ದರಿಂದ ಮಗುವಿನ ಕೆನ್ನೆಗೆ ನೇರಳೆ ಮಸಿ ತಾಗಿತ್ತು. ಒರೆಸಲು ಅವಳಿಗೆ ಇನ್ನೊಂದು ಕೈ ಇರಲಿಲ್ಲ.

"ಸ್ವಲ್ಪ ಬಿಡಣ್ಣ, ಒರೆಸಿ ಬರ್ತೀನಿ" ಎಂದೆ ವಾಚ್‌ಮನ್‌ಗೆ.

ಅವನು ಬಿಡಲಿಲ್ಲ.